ಕಡಲು ಕೊಟ್ಟದ್ದು ಪೇಪರಿನಲ್ಲಿ ಬರುವುದಿಲ್ಲ

ಜೂನ್ ತಿಂಗಳು ಹುಟ್ಟಿದರೆ ಸಾಕು, ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ಒಂದು ಫೋಟೋ ಬಂದೇ ಬರುತ್ತದೆ. ಬೇರು ತೋರಿಸಿಕೊಂಡು ಕಡಲಿಗೆ ಒರಗಿದ ತೆಂಗಿನಮರ, ಹಿಂದೆ ಅರ್ಧ ಗೋಡೆ ಉಳಿದ ಮನೆ, ಪಕ್ಕದಲ್ಲಿ ಕೊಡೆ ಹಿಡಿದ ಜನಪ್ರತಿನಿಧಿ. ಮೇಲೆ ‘ಕಡಲ್ಕೊರೆತ ತೀವ್ರ’ ಎಂಬ ತಲೆಬರಹ. ಊರಿನ ಹೆಸರು ಮಾತ್ರ ಬದಲಾಗುತ್ತದೆ: ಒಂದು ವರ್ಷ ಉಳ್ಳಾಲ, ಇನ್ನೊಂದು ವರ್ಷ ಮರವಂತೆ, ಮತ್ತೊಂದು ವರ್ಷ ಪಡುಕೆರೆ. ಫೋಟೋ ಸುಳ್ಳಲ್ಲ, ಮನೆ ಕಳೆದುಕೊಂಡವರ ಸಂಕಟವಂತೂ ಸುಳ್ಳೇ ಅಲ್ಲ. ಆದರೆ ದೀಪಾವಳಿ ಕಳೆದ ಮೇಲೆ ಕರಾವಳಿ ಉದ್ದಕ್ಕೂ ಒಮ್ಮೆ ನಡೆದು ನೋಡಿ. ಮಳೆಗಾಲದಲ್ಲಿ ಎಳೆದುಕೊಂಡ ಹೊಯ್ಗೆಯನ್ನು ಕಡಲು ಎಷ್ಟೋ ಕಡೆ ಸದ್ದಿಲ್ಲದೆ ತಂದು ಹಾಕಿರುತ್ತದೆ. ಅದರ ಫೋಟೋ ತೆಗೆಯಲು ಯಾರೂ ಬರುವುದಿಲ್ಲ. ಕಿತ್ತುಕೊಂಡದ್ದಕ್ಕೆ ಎಂಟು ಕಾಲಂ, ಕೊಟ್ಟದ್ದಕ್ಕೆ ಒಂದು ಸಾಲೂ ಇಲ್ಲ. ಈ ಪಕ್ಷಪಾತ ನನಗೆ ಮೊದಲಿನಿಂದಲೂ ಸರಿಕಂಡಿಲ್ಲ.

ಕೊಟ್ಟದ್ದನ್ನು ಕಣ್ಣಾರೆ ನೋಡಬೇಕಿದ್ದರೆ ಉಡುಪಿಯಿಂದ ಕೆಮ್ಮಣ್ಣು, ಹೂಡೆ ದಾಟಿ ಬಡಗು ಮುಖವಾಗಿ ಕೋಡಿಬೆಂಗ್ರೆಗೆ ಹೋಗಬೇಕು. ಹೋಗುತ್ತಾ ಹೋಗುತ್ತಾ ನೆಲ ಸಪೂರವಾಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಒಂದೇ ರಸ್ತೆ. ಅದರ ಆಚೀಚೆ ತೆಂಗು, ಮನೆ, ಬಲೆ ಹರಡಿದ ಅಂಗಳ. ಎದುರಿನಿಂದ ಬಸ್ಸು ಬಂದರೆ ನಿಮ್ಮ ಕಾರು ಯಾರದಾದರೂ ಅಂಗಳಕ್ಕೆ ಇಳಿಯಬೇಕು. ಅಂಗಳದವರು ಬೇಸರಪಟ್ಟುಕೊಳ್ಳುವುದಿಲ್ಲ, ಅವರಿಗೆ ಅಭ್ಯಾಸ. ಕೊನೆಗೆ ರಸ್ತೆ ಮುಗಿದು ಎದುರಿಗೆ ಅಳಿವೆ. ಸುವರ್ಣಾ, ಸೀತಾ ಎರಡೂ ನದಿಗಳು ಕೂಡಿ ಕಡಲು ಸೇರುವುದು ಇಲ್ಲಿ. ಆಚೆ ದಡದ ಹಂಗಾರಕಟ್ಟೆ ಕಣ್ಣೆದುರೇ ಇದೆ. ದೋಣಿ ಸಿಕ್ಕಿದರೆ ಒಂದು ಎಲೆಯಡಿಕೆ ಹಾಕಿ ಮುಗಿಸುವುದರೊಳಗೆ ತಲುಪಬಹುದು. ರಸ್ತೆಯಲ್ಲಿ ಹೋಗುವುದಾದರೆ ಬಂದ ದಾರಿಯಲ್ಲೇ ಹಿಂದಿರುಗಿ, ಹೆದ್ದಾರಿ ಹಿಡಿದು, ಬ್ರಹ್ಮಾವರ ಬಳಸಿ ಬರಬೇಕು. ಈ ಊರಿನ ಪಂಚಾಯತ್ ಇರುವುದೂ ಆ ದಡದಲ್ಲೇ!

ಇಷ್ಟುದ್ದದ ನೆಲ ಪೂರಾ ಹೊಯ್ಗೆ. ಎಲ್ಲಿ ಅಗೆದರೂ ಕಲ್ಲು ಸಿಗದು, ಆದರೆ ಸಿಹಿನೀರು ಸಿಗುತ್ತದೆ. ಎರಡು ಉಪ್ಪುನೀರಿನ ನಡುವೆ ಸಿಹಿನೀರಿನ ಬಾವಿ ಹೇಗೆ ಎಂದು ಬೇರೆ ಊರಿನವರು ಬೆರಗಾಗುತ್ತಾರೆ. ಮಳೆನೀರು ಹೊಯ್ಗೆಯೊಳಗೆ ಇಂಗಿ, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿಕೊಂಡೇ ಇರುತ್ತದೆ. ಮಿತಿಯಲ್ಲಿ ಸೇದಿದರೆ ವರ್ಷವಿಡೀ ಸಿಹಿ. ಪಂಪು ಹಾಕಿ ಎಳೆದರೆ ಏಪ್ರಿಲ್ ಹೊತ್ತಿಗೆ ಚಹಾ ಉಪ್ಪುಪ್ಪಾಗುತ್ತದೆ.

ಈ ನೆಲ ಕಟ್ಟಿದ ಕೆಲಸವನ್ನು ನೋಡಲು ದೊಡ್ಡ ಸಾಧನವೇನೂ ಬೇಡ. ತೆರೆ ಬಂದು ಮುಟ್ಟುವ ಕಡೆ ಒಂದು ತೆಂಗಿನ ಸಿಪ್ಪೆ ಹಾಕಿ ಕುಳಿತರಾಯಿತು. ತೆರೆ ದಡಕ್ಕೆ ನೇರವಾಗಿ ಬರುವುದು ಅಪರೂಪ. ಓರೆಯಾಗಿ ಏರಿ ಬರುತ್ತದೆ, ಇಳಿಯುವಾಗ ಮಾತ್ರ ಇಳಿಜಾರು ಹಿಡಿದು ನೆಟ್ಟಗೆ ಇಳಿಯುತ್ತದೆ. ಸಿಪ್ಪೆ ಪ್ರತಿ ತೆರೆಗೂ ಗೇಣಷ್ಟೋ ಮಾರಷ್ಟೋ ಪಕ್ಕಕ್ಕೆ ಸರಿಯುತ್ತದೆ, ದರ್ಜಿಯ ಓರೆಹೊಲಿಗೆ ಬಟ್ಟೆಯ ಅಂಚಿನುದ್ದಕ್ಕೂ ಸಾಗಿದ ಹಾಗೆ. ಸಿಪ್ಪೆಗೆ ಆದದ್ದೇ ಹೊಯ್ಗೆಯ ಪ್ರತಿ ಕಣಕ್ಕೂ ಆಗುತ್ತಿದೆ. ನಮ್ಮ ತೀರದಲ್ಲಿ ಈ ಪ್ರಯಾಣ ಮಳೆಗಾಲದಲ್ಲಿ ಹೆಚ್ಚಾಗಿ ತೆಂಕಕ್ಕೆ, ಉಳಿದ ತಿಂಗಳುಗಳಲ್ಲಿ ಹೆಚ್ಚಾಗಿ ಬಡಗಕ್ಕೆ. ದಡ ಒಳಗೆ ತಿರುಗುವಲ್ಲಿ, ಎಂದರೆ ಅಳಿವೆಯ ಬಾಗಿಲಲ್ಲಿ, ನೀರಿಗೆ ಹೊರುವ ಶಕ್ತಿ ಸಾಲದೆ ಹೊಯ್ಗೆ ಅಲ್ಲೇ ಕೂರುತ್ತದೆ. ಕೂತದ್ದರ ಮೇಲೆ ಮತ್ತಷ್ಟು ಕೂತು ತುದಿ ಮುಂದಕ್ಕೆ ಚಾಚುತ್ತದೆ, ಹೊಳೆಯ ಬಾಯಿಯನ್ನೇ ಪಕ್ಕಕ್ಕೆ ತಳ್ಳುತ್ತದೆ. ಹೊಳೆಯೂ ಸುಮ್ಮನಿರುವುದಿಲ್ಲ. ಆಷಾಢದ ನೆರೆಯಲ್ಲಿ ಸಿಟ್ಟು ಬಂದರೆ ಚಾಚಿದ ತುದಿಯನ್ನು ಕತ್ತರಿಸಿಕೊಂಡು ನೇರ ಹೋಗಿಬಿಡುತ್ತದೆ. ಅಲ್ಲಿಗೆ ಮೂರು ನಾಲ್ಕು ವರ್ಷದ ಕೆಲಸ ಒಂದು ರಾತ್ರಿಯಲ್ಲಿ ಹೋಯಿತು.

ಕಡಲು ಮಳೆಗಾಲದಲ್ಲಿ ಒಯ್ದ ಹೊಯ್ಗೆಯನ್ನು ಅರಬ್ಬರ ದೇಶಕ್ಕೇನೂ ಸಾಗಿಸುವುದಿಲ್ಲ. ತುಸು ದೂರದಲ್ಲಿ, ನೀರಿನೊಳಗೆ ದಿಣ್ಣೆ ಮಾಡಿ ಇಡುತ್ತದೆ. ದೊಡ್ಡ ತೆರೆಗಳು ಆ ದಿಣ್ಣೆಗೆ ಮುಗ್ಗರಿಸಿ ಅಲ್ಲೇ ಒಡೆಯುತ್ತವೆ, ದಡಕ್ಕೆ ಬೀಳುವ ಪೆಟ್ಟು ಅಷ್ಟರಮಟ್ಟಿಗೆ ತಗ್ಗುತ್ತದೆ. ಸೆಪ್ಟೆಂಬರ್ ಕಳೆದು ತೆರೆ ಸಣ್ಣದಾದಾಗ ಅದೇ ಹೊಯ್ಗೆ ಸ್ವಲ್ಪ ಸ್ವಲ್ಪವಾಗಿ ದಡ ಹತ್ತುತ್ತದೆ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯ ಮುಂದೆ ನಾವು ಕಲ್ಲು ಸುರಿಯುತ್ತೇವೆ. ತೆರೆ ಕಲ್ಲಿಗೆ ಬಡಿದು ಹಿಂದಕ್ಕೆ ಚಿಮ್ಮುವಾಗ ಕಲ್ಲಿನ ಬುಡದ ಹೊಯ್ಗೆಯನ್ನು ಕೆರೆದುಕೊಂಡೇ ಹೋಗುತ್ತದೆ. ಬುಡ ಟೊಳ್ಳಾಗಿ ಕಲ್ಲು ಕುಸಿಯುತ್ತದೆ. ಮರುವರ್ಷ ಮತ್ತೆ ಟೆಂಡರ್.

ಹೊಯ್ಗೆಯ ತವರು ಘಟ್ಟ. ಸೀತೆ ಇಳಿದು ಬರುವುದು ಆಗುಂಬೆಯ ಸೀಮೆಯಿಂದ. ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಹೊಡೆಯುವ ಊರು. ಅಲ್ಲಿನ ಬಂಡೆ ಆ ಮಳೆಗೆ ಕೊಳೆತು ಮೆತ್ತನೆಯದೆಲ್ಲ ಜೇಡಿಯಾಗಿ ಕದಡಿಹೋಗುತ್ತದೆ, ಗಟ್ಟಿ ಸ್ಫಟಿಕ ಮಾತ್ರ ಉರುಳಿಕೊಂಡು ಕೆಳಗೆ ಬರುತ್ತದೆ. ಒಂದು ಮುಷ್ಟಿ ಹೊಯ್ಗೆಯನ್ನು ಅಂಗೈಯಲ್ಲಿ ಹರಡಿ ಬಿಸಿಲಿಗೆ ಹಿಡಿದರೆ ಗಾಜಿನ ಚೂರಿನಂಥ ಬಿಳಿ ಕಣ, ತುಕ್ಕಿನ ಬಣ್ಣ ಹಿಡಿದ ಕಣ, ಚಿಪ್ಪಿನ ಪುಡಿ, ಅಲ್ಲೊಂದು ಇಲ್ಲೊಂದು ಕಪ್ಪು. ನಮ್ಮ ತೀರದಲ್ಲಿ ಉಬ್ಬರದ ನೀರು ಇಳಿದ ಮೇಲೆ ಕಾಡಿಗೆ ಎಳೆದಂತೆ ಕಾಣುವ ಗೆರೆ ಇರುತ್ತದಲ್ಲ, ಅದನ್ನು ಕೆಲವರು ಹಡಗಿನ ಎಣ್ಣೆ ಎಂದುಕೊಂಡು ಕಾಲು ಎತ್ತಿ ದಾಟುತ್ತಾರೆ. ಅದು ಇಲ್ಮನೈಟ್, ಮ್ಯಾಗ್ನೆಟೈಟಿನಂಥ ತೂಕದ ಕಣಗಳು. ಇಳಿಯುವ ನೀರು ಹಗುರದ್ದನ್ನು ಒಯ್ದು ಭಾರದ್ದನ್ನು ಬಿಟ್ಟುಹೋಗುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತ ಕಟ್ಟಿ ಎಳೆಯುವ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು.

ಬಂದ ಹೊಯ್ಗೆಯನ್ನು ಹಿಡಿದಿಟ್ಟುಕೊಳ್ಳುವ ಕೆಲಸ ಅಡುಂಬು ಬಳ್ಳಿಯದು. ಅದರ ನೇರಳೆ ಹೂವನ್ನು ಎಲ್ಲರೂ ನೋಡುತ್ತಾರೆ, ಕೆಲಸವನ್ನು ಯಾರೂ ಗಮನಿಸುವುದಿಲ್ಲ. ಗಾಳಿ ತಂದ ಹೊಯ್ಗೆ ಎಲೆಗೆ ತಡೆದು ಬುಡದಲ್ಲಿ ಬೀಳುತ್ತದೆ. ಬಳ್ಳಿ ಹೂತುಹೋಗುವ ಬದಲು ಗಿಣ್ಣಿನಲ್ಲಿ ಬೇರು ಬಿಟ್ಟು ಮೇಲೆ ಬರುತ್ತದೆ. ದಿಣ್ಣೆಯೂ ಅದರ ಜೊತೆ ಏರುತ್ತದೆ. ರೆಸಾರ್ಟಿನವರು ‘ಕ್ಲೀನಿಂಗ್’ ಹೆಸರಿನಲ್ಲಿ ಮೊದಲು ಕಿತ್ತು ಎಸೆಯುವುದು ಇದನ್ನೇ.

ಕಾಪುವಿನ ದೀಪಸ್ತಂಭ 1901ರದ್ದು. ಬಂದವರೆಲ್ಲ ಮೇಲೆ ಹತ್ತಿ ಸೂರ್ಯಾಸ್ತ ನೋಡುತ್ತಾರೆ. ನಾನು ಹೇಳುವುದು, ಹತ್ತುವ ಮೊದಲು ಕೆಳಗೆ ನೋಡಿ. ಸ್ತಂಭ ನಿಂತಿರುವುದು ಕಡಲಿನ ಬಂಡೆಯ ಮೇಲೆ, ಬೇಸಗೆಯಲ್ಲಿ ಅಲ್ಲಿಗೆ ಹೊಯ್ಗೆಯ ಮೇಲೆ ನಡೆದೇ ಹೋಗಬಹುದು. ತೆರೆ ಬಂಡೆಯ ಎರಡೂ ಬದಿಯಿಂದ ಬಾಗಿ ಬಂದು ಹಿಂಬದಿಯ ನೆರಳಿನಲ್ಲಿ ಒಂದಕ್ಕೊಂದು ಎದುರಾಗುತ್ತದೆ. ಎರಡೂ ಅಲ್ಲಿ ಸೋತು ಹೊತ್ತದ್ದನ್ನು ಇಳಿಸುತ್ತವೆ. ಬಂಡೆಗೂ ಊರಿಗೂ ಸೇತುವೆಯಾಗುತ್ತದೆ. ಮಳೆಗಾಲದಲ್ಲಿ ಇದೇ ಬಂಡೆಯ ಸುತ್ತ ನೀರು.

ಮರವಂತೆಯ ಸಂಗತಿ ಎಲ್ಲರಿಗೂ ಗೊತ್ತು. ಸೌಪರ್ಣಿಕೆ ಕಡಲಿನ ಹತ್ತಿರ ಹತ್ತಿರ ಬಂದು, ಕೈಗೆ ಸಿಗುವಷ್ಟರಲ್ಲಿ ಪಕ್ಕಕ್ಕೆ ಹೊರಳಿ, ಗಂಗೊಳ್ಳಿಯ ತನಕ ಹೋಗಿ ಉಳಿದ ಹೊಳೆಗಳ ಜೊತೆ ಸೇರುತ್ತದೆ. ನಡುವಿನ ಸಣ್ಣ ಪಟ್ಟಿಯ ಮೇಲೆ ರಾಷ್ಟ್ರೀಯ ಹೆದ್ದಾರಿ 66 ಓಡುತ್ತದೆ. ಇದರ ಬಗ್ಗೆ ಬೇಕಾದಷ್ಟು ವರ್ಣನೆ ಬಂದುಹೋಗಿದೆ, ನಾನು ಸೇರಿಸುವುದೇನಿಲ್ಲ.

ಮಂಗಳೂರಿನ ಬೆಂಗ್ರೆಯ ಕಥೆ ಬೇರೆ ರುಚಿಯದು. ಗುರುಪುರ ಹೊಳೆ ಕಡಲಿನ ಬೆನ್ನಿಗೇ ತೆಂಕಕ್ಕೆ ಹರಿದು ನೇತ್ರಾವತಿಯ ಜೊತೆ ಒಂದೇ ಅಳಿವೆಯಿಂದ ಹೊರಬೀಳುತ್ತದೆ. ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಮಲಗಿದ ಹೊಯ್ಗೆಯೇ ತಣ್ಣೀರುಬಾವಿ, ಬೆಂಗ್ರೆ. ಇದರ ಮರೆ ಇದ್ದುದರಿಂದಲೇ ಹಳೆ ಬಂದರಿನಲ್ಲಿ ದೋಣಿಗಳು ನಿಶ್ಚಿಂತೆಯಿಂದ ನಿಂತವು. ಮರೆ ಕೊಟ್ಟ ಹೊಯ್ಗೆಯೇ ಅಳಿವೆಯಲ್ಲೂ ಕೂತು ದೊಡ್ಡ ಹಡಗು ಒಳಗೆ ಬರದ ಹಾಗೆ ಮಾಡಿತು. ಹಡಗು ಹೊರಗೆ ಲಂಗರು ಹಾಕುವುದು, ಸರಕನ್ನು ಸಣ್ಣ ದೋಣಿಗಳಿಗೆ ಇಳಿಸಿ ತರುವುದು, ಹೀಗೆ ನಡೆದುಕೊಂಡು ಬಂತು. ಕೊನೆಗೆ ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರನ್ನೇ ಮಾಡಬೇಕಾಯಿತು. ಅದು ಲೋಕಾರ್ಪಣೆಯಾದದ್ದು 1975ರಲ್ಲಿ. ಹಳೆ ಅಳಿವೆಯ ಎರಡೂ ಬದಿಗೆ ಕಲ್ಲಿನ ತಡೆ ಚಾಚಿದರು. ಅದಾದ ಮೇಲೆ ತಮ್ಮ ಪಾಲಿನ ಹೊಯ್ಗೆ ಬರುವುದು ನಿಂತಿತು ಎನ್ನುವುದು ಉಳ್ಳಾಲದವರ ದೂರು. ದೂರಿನಲ್ಲಿ ಹುರುಳಿದೆ. ದಾರಿಯಲ್ಲಿ ಹೋಗುತ್ತಿರುವ ಹೊಯ್ಗೆಯನ್ನು ಒಂದು ಕಡೆ ತಡೆದರೆ ಮುಂದಿನ ಊರಿಗೆ ಪಾಲು ತಪ್ಪಲೇಬೇಕು. ಇನ್ನು ಮೇಲಿನಿಂದ ಬರುವುದನ್ನು ಅಣೆಕಟ್ಟಿನಲ್ಲೂ, ಉಳಿದದ್ದನ್ನು ಟಿಪ್ಪರಿನಲ್ಲೂ ತುಂಬಿಸಿದ ಮೇಲೆ ಕಡಲು ಎಲ್ಲಿಂದ ತಂದು ಕೊಡಬೇಕು?

ಸರಕಾರಕ್ಕೂ ಇದರ ಲೆಕ್ಕ ಇಡುವುದು ಸುಲಭವಿಲ್ಲ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರ್ ಅಳೆಯಲು ಹೇಳಿತು. ಗೆರೆಯೇ ವರ್ಷಕ್ಕೆ ಎರಡು ಸಲ ಜಾಗ ಬದಲಿಸುವ ಊರಿನಲ್ಲಿ ಟೇಪು ಹಿಡಿದು ನಿಲ್ಲುವ ನೌಕರನನ್ನು ನೆನೆದರೆ ಅಯ್ಯೋ ಅನಿಸುತ್ತದೆ.

ಈಚೆಗೆ ಹಂಗಾರಕಟ್ಟೆಗೆ ದಾಟುವಾಗ ಫೋನಿನಲ್ಲಿ ಮ್ಯಾಪು ತೆರೆದಿದ್ದೆ. ನಾವು ನಡುನೀರಿನಲ್ಲಿದ್ದೆವು, ಮ್ಯಾಪಿನ ನೀಲಿ ಚುಕ್ಕೆ ಮಾತ್ರ ಒಣ ನೆಲದ ಮೇಲೆ ಹೋಗುತ್ತಿತ್ತು. ಅದನ್ನು ದೋಣಿಯವರಿಗೆ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು.

“ಅದ್ ಹ್ವಾದ್ ವರ್ಷದ್ ಹೊಯ್ಗಿ ಮರಾಯ್ರೆ,” ಎಂದು ದಾಟುವ ದುಡ್ಡು ಇಸಿದುಕೊಂಡು ಮುಂದಿನವರ ಹತ್ತಿರ ಹೋದರು.