ಹುಲ್ಲು ಬಂದರೆ ಒಳ್ಳೆಯದಲ್ಲವೇ ಎಂದ ಕಾಕಾಗೆ

ರೀನೋ, ನೆವಾಡಾ
ಜೂನ್ ಕೊನೆಯ ವಾರ

ಪ್ರೀತಿಯ ಕಾಕಾ,

ಹೋದ ಸಲ ಫೋನ್ ಮಾಡಿದಾಗ ನೀವು ಕೇಳಿದಿರಿ: “ಮರುಭೂಮ್ಯಾಗ ಹುಲ್ಲು ಬಂದ್ರ ಚಲೋನ ಅಲ್ಲೇನವ್ವಾ? ಅದಕ್ಯಾಕ ಇಷ್ಟು ಸಂಕಟ ಪಡ್ತಿ?” ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಈ ಕಾಗದ.

ಮರುಭೂಮಿ ಎಂದೊಡನೆ ಮರಳುದಿಬ್ಬ ನೆನೆಸಿಕೊಳ್ಳಬೇಡಿ. ಗ್ರೇಟ್ ಬೇಸಿನ್ ಎಂಬ ಈ ಸೀಮೆ ಚಳಿಯ ಮರುಭೂಮಿ. ಇಲ್ಲಿ ಹುಟ್ಟಿದ ಹೊಳೆಗಳು ಸಮುದ್ರ ಮುಟ್ಟುವುದಿಲ್ಲ. ಕೆರೆಗಳಲ್ಲೋ ಉಪ್ಪಿನ ಬಯಲಿನಲ್ಲೋ ಮುಗಿದುಹೋಗುತ್ತವೆ. ಬಯಲಿಗೆ ವರ್ಷಕ್ಕೆ ಸಿಗುವುದು ಹೆಚ್ಚುಕಡಿಮೆ 200ರಿಂದ 300 ಮಿಲಿಮೀಟರ್ ನೀರು. ಅದೂ ಬಹುಪಾಲು ಚಳಿಗಾಲದಲ್ಲಿ, ಹಿಮವಾಗಿ. ಬೇಸಿಗೆಯಲ್ಲಿ ಬದುಕಬೇಕಾದವರು ಆ ಹಿಮದ ನೀರನ್ನು ನೆಲದೊಳಗಿಂದಲೇ ತೆಗೆದುಕೊಳ್ಳಬೇಕು.

ಹಾಗೆ ಬದುಕಲು ಕಲಿತ ಗಿಡ ಸೇಜ್‌ಬ್ರಷ್. ಸೊಂಟದೆತ್ತರದ ಬೂದು ಪೊದೆ. ಬೆಣೆಯಾಕಾರದ ಪುಟ್ಟ ಎಲೆ, ತುದಿಗೆ ಮೂರು ಹಲ್ಲು, ಮೈತುಂಬ ನುಣ್ಣನೆಯ ಬಿಳಿ ರೋಮ. ನಮ್ಮ ದವನದ ಕುಲದ್ದೇ ಇದು. ಎಲೆ ಉಜ್ಜಿ ಮೂಗಿಗೆ ಹಿಡಿದರೆ ಘಾಟು ಕೈಬಿಟ್ಟು ಹೋಗಲು ಹೊತ್ತು ಬೇಕು. ಇದಕ್ಕೆ ಎರಡು ಥರದ ಬೇರು. ಮೇಲ್ಮಣ್ಣಿನಲ್ಲಿ ಹರಡಿದ ಎಳೆಬೇರು, ಎರಡು ಮೀಟರಿಗೂ ಮಿಕ್ಕಿ ಇಳಿಯುವ ತಾಯಿಬೇರು. ಹಗಲೆಲ್ಲ ನೀರು ಕುಡಿಯುವ ಗಿಡ ರಾತ್ರಿ ಎಲೆಯ ಬಾಯಿ ಮುಚ್ಚಿದಾಗ, ಆಳದ ನೀರು ಬೇರುಗಳ ಮೂಲಕವೇ ಮೇಲೇರಿ ಒಣಗಿದ ಮೇಲ್ಮಣ್ಣಿಗೆ ಸೋರುತ್ತದೆ. ಯೂಟಾದಲ್ಲಿ ಇದನ್ನು ಅಳೆದು ತೋರಿಸಿದವರು ವಿಜ್ಞಾನಿಗಳಾದ ರಿಚರ್ಡ್ಸ್ ಮತ್ತು ಕಾಲ್ಡ್‌ವೆಲ್, 1987ರಲ್ಲಿ. ದೊಡ್ಡ ಮಳೆ ಬಿದ್ದಾಗ ಇದೇ ಬೇರು ಮೇಲಿನ ನೀರನ್ನು ಕೆಳಕ್ಕೂ ಇಳಿಸುತ್ತದೆ. ಯಾವ ಪಂಪೂ ಇಲ್ಲದೆ, ಕಾಕಾ! ನನಗೆ ಇದಕ್ಕಿಂತ ದೊಡ್ಡ ಸೋಜಿಗ ಈ ಸೀಮೆಯಲ್ಲಿ ಕಂಡಿಲ್ಲ.

ಈಗ ಹುಲ್ಲಿನ ಮಾತು. ಇದರ ಹೆಸರು ಚೀಟ್‌ಗ್ರಾಸ್. ಯುರೋಪ್ ಮತ್ತು ಏಷ್ಯಾ ಕಡೆಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಕಾಳುಕಡಿಯ ಜೊತೆ ಬೆರೆತು ಬಂತು. ಅಷ್ಟರಲ್ಲಿ ಇಲ್ಲಿಯ ದನಕುರಿಗಳು ಪೊದೆಗಳ ನಡುವಿನ ಹುಟ್ಟುಹುಲ್ಲನ್ನು ಬುಡಮಟ್ಟ ಮೇಯ್ದು, ಮಣ್ಣಿನ ಮೇಲಿನ ಪಾಚಿ, ಕಲ್ಲುಹೂವಿನ ಹೆಪ್ಪನ್ನು ತುಳಿದು ಪುಡಿಮಾಡಿದ್ದವು. ಖಾಲಿ ಬಿದ್ದ ಜಾಗಕ್ಕೆ ಹೊಸಬ ಬಂದು ಕೂತ. ಹುಲ್ಲನ್ನಷ್ಟೇ ಬೈಯುವುದು ನ್ಯಾಯವಲ್ಲ, ಅದಕ್ಕೆ ಜಾಗ ಬಿಡಿಸಿಕೊಟ್ಟವರು ಮನುಷ್ಯರೇ.

ನಿಮಗೆ ಇದರ ನಡೆ ಒಂದೇ ಮಾತಿನಲ್ಲಿ ತಿಳಿಯುತ್ತದೆ: ಇದು ಹಿಂಗಾರಿ ಬೆಳೆ. ನಿಮ್ಮ ಬಿಳಿಜೋಳ ಎರೆಯ ಒಡಲಲ್ಲಿ ಉಳಿದ ಹಸಿಯ ಮೇಲೆಯೇ ತೆನೆ ಕಟ್ಟುವ ಹಾಗೆ, ಇದು ಅಕ್ಟೋಬರಿನ ಹನಿಗೆ ಮೊಳೆತು, ಚಳಿಯಲ್ಲೂ ಬೇರು ಬೆಳೆಸುತ್ತಾ, ಹಿಮ ಕರಗುವ ಹೊತ್ತಿಗೆ ಸಿದ್ಧವಾಗಿರುತ್ತದೆ. ಮಾರ್ಚಿನಲ್ಲಿ ಒಂದು ಸಸಿ ಕಿತ್ತು ನೋಡಿದೆ. ಮೇಲೆ ಹೆಬ್ಬೆಟ್ಟಿನುದ್ದದ ಎಲೆ, ಕೆಳಗೆ ಗೇಣಿಗೂ ಉದ್ದದ ಬೇರಿನ ಜಾಲ. ಸ್ಥಳೀಯ ಗಿಡಗಳ ಸಸಿಗಳು ಕಣ್ಣು ಬಿಡುವಷ್ಟರಲ್ಲಿ ಮೇಲ್ಮಣ್ಣಿನ ಹಸಿ ಖರ್ಚಾಗಿರುತ್ತದೆ. ಮೇ ಕೊನೆಗೆ ಗುಡ್ಡವೆಲ್ಲ ನೇರಳೆಗೆಂಪು, ಜೂನಿಗೆ ಒಣಹುಲ್ಲು. ಇವತ್ತು ಸಂಜೆ ಕಾಲುಚೀಲಕ್ಕೆ ಚುಚ್ಚಿಕೊಂಡ ಅದರ ಮುಳ್ಳುಬೀಜ ಬಿಡಿಸುತ್ತಾ ಕೂತೇ ಇದನ್ನು ಬರೆಯುತ್ತಿದ್ದೇನೆ.

ನೀರನ್ನು ಈ ಹುಲ್ಲು ಹೆಚ್ಚು ಕುಡಿಯುತ್ತದೆ ಎಂದು ತಿಳಿಯಬೇಡಿ. ಅದು ಕೆಡಿಸುವುದು ನೀರಿನ ವೇಳೆಯನ್ನು, ಆಳವನ್ನು. ಪೊದೆಯಿದ್ದ ನೆಲ ಏಪ್ರಿಲಿನಿಂದ ಬೇಸಿಗೆಯ ತುದಿಯವರೆಗೆ ಸ್ವಲ್ಪಸ್ವಲ್ಪವೇ ನೀರನ್ನು ಗಾಳಿಗೆ ಬಿಡುತ್ತಿತ್ತು. ಹುಲ್ಲಿನ ನೆಲ ಕೆಲವೇ ವಾರಗಳಲ್ಲಿ ಮೇಲಿನ ಹಸಿಯನ್ನು ಮುಗಿಸಿ ಸುಮ್ಮನಾಗುತ್ತದೆ. ಆಳದಲ್ಲಿ ಉಳಿದ ನೀರನ್ನು ಎತ್ತುವ ಬೇರೇ ಇಲ್ಲ. ಹಾಗಾದರೆ ಅಂತರ್ಜಲಕ್ಕೆ ಲಾಭವಲ್ಲವೇ ಎಂದು ನೀವು ಕೇಳುತ್ತೀರಿ, ಗೊತ್ತು. ಕೆಲವು ಕಡೆ ನೀರು ಇನ್ನೂ ಕೆಳಕ್ಕಿಳಿಯಬಹುದು. ಆದರೆ ಒಣ ನೆಲದ ಆಳದಲ್ಲಿ ಸಾವಿರಾರು ವರ್ಷ ಕೂಡಿಬಿದ್ದ ಉಪ್ಪು, ನೈಟ್ರೇಟ್ ಅದರ ಜೊತೆ ಇಳಿಯಬಹುದು. ಜುಲೈ, ಆಗಸ್ಟಿನ ಬಿಸಿಲಿನಲ್ಲಿ ಆ ನೀರಿನಿಂದ ಒಂದು ಎಲೆಯೂ ಹಸಿರಾಗುವುದಿಲ್ಲ. ಪೊದೆಯ ಮರೆಯಲ್ಲಿ ಗಾಳಿಗೆ ಹಾರದೆ ನಿಲ್ಲುತ್ತಿದ್ದ ಹಿಮವೂ ಬೋಳು ಬಯಲಿನಲ್ಲಿ ನಿಲ್ಲುವುದಿಲ್ಲ.

ಇನ್ನು ಬೆಂಕಿ. ಹಿಂದೆ ಪೊದೆಗಳ ನಡುವೆ ಬರಿ ಮಣ್ಣಿರುತ್ತಿತ್ತು, ಸಿಡಿಲು ಬಿದ್ದರೂ ಕಿಚ್ಚು ಹೆಚ್ಚು ದೂರ ಓಡುತ್ತಿರಲಿಲ್ಲ. ಈಗ ಆ ಸಂದುಗಳನ್ನೆಲ್ಲ ಒಣಹುಲ್ಲು ಹೊಲಿದುಬಿಟ್ಟಿದೆ. ಹಲವು ದಶಕಗಳಿಗೊಮ್ಮೆ ಸುಡುತ್ತಿದ್ದ ನೆಲ ಕೆಲವೆಡೆ ಐದು ಹತ್ತು ವರ್ಷಕ್ಕೆ ಮತ್ತೆ ಸುಡುತ್ತದೆ. 2018ರ ಜುಲೈಯಲ್ಲಿ ನೆವಾಡಾದ ಮಾರ್ಟಿನ್ ಕಾಳ್ಗಿಚ್ಚು ಸುಮಾರು 4.35 ಲಕ್ಷ ಎಕರೆ ನುಂಗಿತು. ಹುಲ್ಲಿನ ಬೀಜ ಮಣ್ಣಿನಲ್ಲಿ ಉಳಿದುಕೊಂಡು ಮರುವರ್ಷ ಎದ್ದು ಬರುತ್ತದೆ. ಸೇಜ್‌ಬ್ರಷ್ ಸುಟ್ಟ ಬುಡದಿಂದ ಚಿಗುರುವುದಿಲ್ಲ. ಅದರ ಬೀಜ ತಾಯಿಗಿಡದಿಂದ ಕೆಲವು ಮೀಟರ್ ದಾಟುವುದೂ ಕಷ್ಟ.

ಇಂಗಾಲದ ಲೆಕ್ಕ ಇಲ್ಲಿಯೇ ತಪ್ಪುತ್ತದೆ. ಐವತ್ತು ನೂರು ವರ್ಷ ಬಾಳುವ ಪೊದೆ ತನ್ನ ಕಟ್ಟಿಗೆಯಲ್ಲಿ, ಆಳದ ಬೇರಿನಲ್ಲಿ ಇಂಗಾಲವನ್ನು ಹಿಡಿದಿಟ್ಟಿರುತ್ತದೆ. ಹುಲ್ಲೂ ಇಂಗಾಲ ಹೀರುತ್ತದೆ, ಒಳ್ಳೆ ಮಳೆಯ ವರ್ಷ ಚೆನ್ನಾಗಿಯೇ ಹೀರುತ್ತದೆ. ಆದರೆ ಇಡುವುದು ಮೇಲ್ಮಣ್ಣಿನ ಎಳೆಬೇರಿನಲ್ಲಿ ಮತ್ತು ಒಣ ಕಡ್ಡಿಯಲ್ಲಿ. ಬೇರು ಬೇಗ ಕೊಳೆಯುತ್ತದೆ, ಕಡ್ಡಿ ಸುಡುತ್ತದೆ. ಪೊದೆಯ ಸೀಮೆ ಹುಲ್ಲಾದದ್ದರಿಂದ ಸುಮಾರು 80 ಲಕ್ಷ ಟನ್ ಇಂಗಾಲ ಗಾಳಿ ಸೇರಿದೆ ಎಂದು 2006ರಲ್ಲಿ ವಿಜ್ಞಾನಿ ಬೆಥನಿ ಬ್ರಾಡ್ಲಿ ಮತ್ತು ಸಂಗಡಿಗರು ಅಂದಾಜು ಮಾಡಿದರು. ಆ ಲೆಕ್ಕ ನೆಲದ ಮೇಲಿನದು. ಕೆಳಗೆ ಸತ್ತ ತಾಯಿಬೇರು ನಿಧಾನವಾಗಿ ಕೊಳೆಯುತ್ತಿದೆ, ಅದರ ಜಾಗಕ್ಕೆ ಹೊಸದು ಇಳಿಯುತ್ತಿಲ್ಲ.

ಮೇಯಿಸಿ ಮುಗಿಸಬಾರದೇ ಎಂದೂ ಕೇಳಿದ್ದಿರಿ. ವಸಂತದಲ್ಲಿ ದನಗಳು ಇದನ್ನು ಇಷ್ಟಪಟ್ಟು ತಿನ್ನುತ್ತವೆ. ರಸ್ತೆಯಂಚಿನಲ್ಲಿ ಹಾಗೆ ಮೇಯಿಸಿ ಕಿಚ್ಚಿಗೆ ತಡೆ ಮಾಡುವವರೂ ಇದ್ದಾರೆ. ಮೇಯಲು ಸಿಗುವುದು ಕೆಲವೇ ವಾರ, ಹುಲ್ಲೋ ಕಣ್ಣು ಹರಿಯುವಷ್ಟು. ಹದ ತಪ್ಪಿ ಮೇಯಿಸಿದರೆ ಉಳಿದ ಹುಟ್ಟುಹುಲ್ಲಿಗೇ ಪೆಟ್ಟು. ನನ್ನ ಕೇಳಿದರೆ, ಇನ್ನೂ ಸುಡದ ಪೊದೆಯ ನೆಲವನ್ನು ಕಾಯುವುದೇ ಮೊದಲ ಕೆಲಸ. ಸುಟ್ಟ ನೆಲಕ್ಕೆ ಬೀಜ ಚೆಲ್ಲಿದರೆ ಮಳೆ ಕೈಕೊಟ್ಟ ವರ್ಷ ಏನೂ ಉಳಿಯುವುದಿಲ್ಲ. ಅದಕ್ಕೇ ನಾನಿಲ್ಲಿ ಕೆಲಸ ಮಾಡುವ ತಂಡ ನರ್ಸರಿಯಲ್ಲಿ ಬೆಳೆಸಿದ ಸೇಜ್‌ಬ್ರಷ್ ಸಸಿಗಳನ್ನು ನವೆಂಬರಿನಲ್ಲಿ ಕೈಯಿಂದ ನೆಡಲಿದೆ. ಹುಲ್ಲಿನ ಬೇರು ಎಷ್ಟು ಸುತ್ತಳತೆ ಕಿತ್ತು ಸಸಿ ಇಡಬೇಕು ಎನ್ನುವುದರಲ್ಲಿ ನಮ್ಮೊಳಗೇ ತಕರಾರಿದೆ. ಬದುವಿನ ಮೇಲೆ ಬೇವಿನ ಸಸಿ ಹಚ್ಚುವಾಗ ನೀವು ಕರಿಕೆಯನ್ನು ಎಷ್ಟು ದೂರದವರೆಗೆ ಅಗೆದು ತೆಗೆಯುತ್ತಿದ್ದಿರಿ? ಮರೆಯದೆ ತಿಳಿಸಿ.

ಕಾಕುಗೆ ನಮಸ್ಕಾರ ಹೇಳಿ.

ನಿಮ್ಮ ಮಗಳು