ಕಂಟಿಯ ನಾಡಿನ ಹಕ್ಕಿ

ಕಳೆದ ಶ್ರಾವಣದಲ್ಲಿ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಸ್ವೀಕರಿಸಿ ಕುಳಿತಿದ್ದೆವು. ಆ ಮನೆಯ ಮೊಮ್ಮಗಳು, ಐದನೆಯ ತರಗತಿಯ ಹುಡುಗಿ, ಪಕ್ಷಿಗಳ ಪುಸ್ತಕವೊಂದನ್ನು ಮುಂದೆ ಹಿಡಿದು, "ಅಜ್ಜಾರ, ಇದು ನಮ್ಮ ಗುಬ್ಬಿ ಹೌದಲ್ರೀ?" ಎಂದಳು. ಕಂದು ಮೈಯ ಪುಟ್ಟ ಹಕ್ಕಿ. ಚಿತ್ರದ ಕೆಳಗಿನ ಹೆಸರನ್ನು ಓದಲು ಕನ್ನಡಕ ಬೇಕಾಗಿತ್ತು. ಅದನ್ನು ಹುಡುಕುವ ಗೋಜಿಗೆ ಹೋಗದೆ "ಹೌದವ್ವಾ" ಎಂದುಬಿಟ್ಟೆವು. ನಲವತ್ತು ವರ್ಷ ಪಾಠ ಹೇಳಿದ ನಾಲಿಗೆಗೆ 'ತಿಳಿಯದು' ಎನ್ನಲು ಸಂಕೋಚ.

ಮನಸ್ಸು ಒಪ್ಪದೆ, ವಾರದ ಬಳಿಕ ಆ ಪುಸ್ತಕವನ್ನು ತರಿಸಿಕೊಂಡು ಓದಿದೆವು. ಅದು ತುಂಬೆಸ್ ಗುಬ್ಬಿ. ಪೆರು ದೇಶದ ವಾಯವ್ಯ ಹಾಗೂ ಇಕ್ವೆಡಾರಿನ ನೈಋತ್ಯ ಭಾಗದ ಒಣ ಮುಳ್ಳುಕಂಟಿಯನ್ನು ಬಿಟ್ಟರೆ ಜಗತ್ತಿನಲ್ಲಿ ಅದಕ್ಕೆ ಬೇರೆ ಮನೆಯಿಲ್ಲ. ಗೇಣುದ್ದವೂ ಇಲ್ಲದ ದೇಹ, ದಪ್ಪ ಕೊಕ್ಕು, ನೆತ್ತಿಯಲ್ಲಿ ಬೂದು-ಕೆಂಗಂದು ಪಟ್ಟೆ, ರೆಕ್ಕೆಯ ಮಡಿಕೆಯಲ್ಲಿ ಇಷ್ಟೇ ಇಷ್ಟು ಹಳದಿ. 1877ರಲ್ಲಿ ಪೋಲೆಂಡಿನ ಪಂಡಿತ ತಚನೋವ್‌ಸ್ಕಿ ಇದನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದನು. ನಮ್ಮ ಗುಬ್ಬಿಯದೇ ಒಂದು ಕುಲ, ಇದರದೇ ಇನ್ನೊಂದು. ಅಮೆರಿಕಕ್ಕೆ ಹೋಗಿ ನೆಲೆಸಿದ ಇಂಗ್ಲಿಷರು ಅಲ್ಲಿಯ ಇಂಥ ಹಕ್ಕಿಗಳಿಗೆ ತಮ್ಮೂರ ಗುಬ್ಬಿಯ ಹೆಸರನ್ನೇ ಇಟ್ಟುಬಿಟ್ಟರು. ಅವರೂ ನಮ್ಮಂತೆ ಕನ್ನಡಕ ಮರೆತಿದ್ದರೇನೋ!

ಆ ಸೀಮೆಯಲ್ಲಿ ಮಳೆ ಅಪರೂಪ. ನಮ್ಮಲ್ಲಿ 'ಎಲ್ ನೀನೋ' ಎಂದರೆ ಮುಂಗಾರು ಕೈಕೊಡುವ ಭಯ. ಅಲ್ಲಿ ಅದೇ ವರ್ಷ ಕಡಲು ಕಾದು ಮಳೆ ಸುರಿಯುತ್ತದೆ. 1998ರಲ್ಲಿ ಸೆಚೂರಾ ಮರುಭೂಮಿಯಲ್ಲಿ ಸರೋವರವೇ ನಿಂತಿತು.

ನಮ್ಮನ್ನು ಹೆಚ್ಚು ಕಾಡಿದ್ದು ಅಲ್ಲಿಯ ಮರ. ಅಲ್ಗರ್ರೋಬೊ ಎಂಬ ಆ ವೃಕ್ಷ, ನಮ್ಮ ಹೊಲದ ಬದುಗಳನ್ನು ನುಂಗುತ್ತಿರುವ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಬಳ್ಳಾರಿ ಜಾಲಿಯೂ ಅಮೆರಿಕ ಖಂಡದಿಂದಲೇ ಬಂದುದು. ಅದನ್ನು ನಾವು ಬೈಯದ ದಿನವಿಲ್ಲ. ಅದರ ಬಂಧುವನ್ನು ಅಲ್ಲಿ ಉಪಾಹಾರಗೃಹಗಳ ಒಲೆಯ ಇದ್ದಿಲಿಗಾಗಿ ಕಡಿಯುತ್ತಾರೆ. ಮೇಲೇಳುವ ಚಿಗುರನ್ನು ಮೇಕೆಗಳು ಬಿಡವು. ಕಂಟಿಯೆಂದರೆ ಬರಿದೆ ಬಿದ್ದ ನೆಲವೆಂಬ ತಿಳಿವಳಿಕೆ ಅಲ್ಲಿಯೂ ಉಂಟು. ನೆಲದ ಮೇಲೆ ಬೀಜ, ಹುಳು ಹೆಕ್ಕುವ ಈ ಹಕ್ಕಿ ಇಂದು ಅಳಿವಿನಂಚಿನಲ್ಲಿಲ್ಲ, ನಿಜ. ಆದರೆ ಆ ಕಂಟಿ ಹೋದರೆ ಅದು ಹೋಗಿ ಕೂಡುವುದೆಲ್ಲಿ?

ಪುಸ್ತಕವನ್ನು ಮರಳಿಸಲು ನಾವೇ ಹೋದೆವು. "ಅವ್ವಾ, ನಾವು ಹೇಳಿದ್ದು ತಪ್ಪು" ಎಂದಾಗ ಹುಡುಗಿಯ ಮುಖ ಸಣ್ಣದಾಯಿತು.

"ಸಾಲ್ಯಾಗ ಎಲ್ಲಾರಿಗೂ ಹೇಳೇಬಿಟ್ಟೇನ್ರೀ ಅಜ್ಜಾರ. ನಾಳೆ ಏನಂತ ಹೇಳಲಿ?"

"ಅಜ್ಜಾರು ತಪ್ಪು ಹೇಳಿದ್ದರು ಎಂದೇ ಹೇಳವ್ವಾ" ಎಂದೆವು.