ಮಿಣುಕುವ ತಲಕಟ್ಟು

ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ನಮ್ಮೂರಲ್ಲಿ ಪ್ರಿಂಟರ್‌ನಿಂದ ಹಿಡಿದು ಸೆಟ್ ಟಾಪ್ ಬಾಕ್ಸ್ ತನಕ ಎಲ್ಲಾ ಬಲ್ಲವನು ಅಂತ ಅರ್ಥ. ಹಾಗಾಗಿ ಹಬ್ಬಕ್ಕೆ ಆಡಿದ ಕುರುಕ್ಷೇತ್ರ ನಾಟಕದ ಡಿವಿಡಿ ಮಾಡೋ ಕೆಲಸ ನನ್ನ ಹೆಗಲಿಗೇ ಬಿತ್ತು. ಇಡೀ ರಾತ್ರಿಯ ನಾಟಕ ಕತ್ತರಿಸಿದ್ದು ಕಷ್ಟ ಅನ್ನಿಸಲಿಲ್ಲ, ಕೊನೆಯಲ್ಲಿ ಮೇಲಕ್ಕೆ ಸರಿಯೋ ಹೆಸರುಗಳು ಜೀವ ತಿಂದವು.

ಲ್ಯಾಪ್‌ಟಾಪಲ್ಲಿ ಸುಮ್ಮನಿದ್ದ ಅಕ್ಷರಗಳು ಮನೆಯ ಹಳೇ ಡಬ್ಬಾ ಟಿವಿಯಲ್ಲಿ ಪಟಪಟ ಮಿಣುಕೋಕೆ ಶುರು. ನಮ್ಮ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ. ಒಂದೊಂದನ್ನೂ ಟಿವಿ ಎರಡು ಕಂತಲ್ಲಿ ತೋರಿಸುತ್ತೆ: ಒಮ್ಮೆ ಬೆಸ ಗೆರೆಗಳು, ಇನ್ನೊಮ್ಮೆ ಸಮ ಗೆರೆಗಳು. ಒಂದೇ ಗೆರೆಯಷ್ಟು ತೆಳುವಾದ ಅಡ್ಡಗೀಟು ಒಂದು ಕಂತಲ್ಲಿ ಹಾಜರು, ಮುಂದಿನದರಲ್ಲಿ ಗೈರು. ಕನ್ನಡದಲ್ಲೋ ಹೆಜ್ಜೆಗೊಂದು ತಲಕಟ್ಟು, ಸಾಲದ್ದಕ್ಕೆ ಕೆಳಗೆ ಪುಟಾಣಿ ಒತ್ತಕ್ಷರ!

ದಪ್ಪ ಫಾಂಟ್ ಹಾಕಿದೆ. ಅಚ್ಚ ಬಿಳಿ ಬಿಟ್ಟು ತುಸು ಬೂದು ಬಣ್ಣ ಕೊಟ್ಟೆ. ಮೇಲೆ-ಕೆಳಗೆ ಮಾತ್ರ ಒಂಚೂರು ಬ್ಲರ್ ಮಾಡಿದೆ, ಗೀಟು ಪಕ್ಕದ ಗೆರೆಗೂ ಹರಡಿ ಎರಡೂ ಕಂತಲ್ಲಿ ಉಳೀತು. ಆದ್ರೆ ವೇಗದ್ದೇ ತಕರಾರು. ಕಂತಿಗೆ ಒಂದೇ ಗೆರೆ ಸರಿದ್ರೆ ಅಕ್ಷರದ ಅರ್ಧ ಗೆರೆಗಳು ಕೊನೆವರೆಗೂ ಕಾಣೋದೇ ಇಲ್ಲ. ಎರಡು ಗೆರೆ ಸರಿಸಿದ್ರೆ ಸ್ವಚ್ಛ, ಆದರೆ 576 ಗೆರೆಯ ಪರದೆ ದಾಟೋಕೆ ಆರು ಸೆಕೆಂಡೂ ಇಲ್ಲ. ಕಣ್ಣಿಗೆ ಪೊರೆ ಬಂದಿರೋ ನಮ್ಮ ಹಾರ್ಮೋನಿಯಂ ಮೇಷ್ಟ್ರು ಅಷ್ಟರಲ್ಲಿ ತಮ್ಮ ಹೆಸರು ಓದ್ತಾರಾ? ಟಿವಿಯಲ್ಲಿ ಅವರ ಹೆಸರು ಬರ್ತಿರೋದು ಇದೇ ಮೊದಲು.

ಹಿರಿಯರ ಹೆಸರುಗಳನ್ನ ಅಲ್ಲಾಡದ ಪುಟಗಳಲ್ಲಿ, ಒಂದೊಂದಕ್ಕೆ ಹತ್ತು ಸೆಕೆಂಡು ನಿಲ್ಲಿಸಿದೆ. ಹುಡುಗರದ್ದು ಮಾತ್ರ ಓಡುತ್ತೆ. ದುರ್ಯೋಧನನ ಪಾರ್ಟು ಮಾಡಿದವನು ಇನ್ನೂ ಫೋನ್ ಮಾಡ್ತಿದ್ದಾನೆ: "ಅಣ್ಣಾ, ನಂದ್ಯಾಕೆ ನಿಲ್ಲಲ್ಲ?"